ಅಕ್ಕ ಮಣಿ ಕೆಲಸ ಬಿಟ್ಟ ವರ್ಷ

ಹೋದ ವರ್ಷ ಮದುವೆಯೊಂದಕ್ಕೆ ಹೊನ್ನಾಳಿಗೆ ಹೋಗಿದ್ದೆ. ಸೊಸೆ ಮೊಮ್ಮಗಳಿಗೆ ರಿಬ್ಬನ್ ಕೊಡಿಸಲೆಂದು ಪೇಟೆಯ ಅಂಗಡಿಯೊಂದರ ಮುಂದೆ ನಿಂತಳು. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಗಾಜಿನ ಮಣಿ ಕೇಳಿದಳು. ಅಂಗಡಿಯವನು ಡಬ್ಬಿ ಬಗ್ಗಿಸಿ ಸ್ಟೀಲ್ ತಟ್ಟೆಗೆ ಸುರಿದ. ಆ ಸಣ್ಣ ಸದ್ದು ಕಿವಿಗೆ ಬಿದ್ದದ್ದೇ ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದುಬಿಟ್ಟೆ. "ಯಾಕತ್ತೆ, ತಲೆ ಸುತ್ತು ಬಂತಾ?" ಎಂದು ಸೊಸೆ ತೋಳು ಹಿಡಿದಳು. ಬಿಸಿಲು ಅಂದೆ. ಬಿಸಿಲೇನೂ ಇರಲಿಲ್ಲ. ಅರವತ್ತು ವರ್ಷ ಕಳೆದರೂ ಮಣಿ ಸುರಿಯುವ ಸದ್ದಿಗೆ ನಾನು ಹೀಗೆಯೇ ಹಿಂದೆ ಸರಿಯುತ್ತೇನೆ.

ಅದೇ ಊರಿನಲ್ಲಿ, ಹೊಳೆಗೆ ಇಳಿಯುವ ಬೀದಿಯಲ್ಲಿ, ನಾವು ಒಂದು ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅಪ್ಪ, ಅವ್ವ, ನನಗಿಂತ ಐದು ವರ್ಷಕ್ಕೆ ದೊಡ್ಡವಳಾದ ಜಯಕ್ಕ ಮತ್ತು ನಾನು, ನಾಲ್ಕೇ ಜನ. ಜಪಾನು ಯುದ್ಧಕ್ಕೆ ಇಳಿದ ಮೇಲೆ ಬಂದ ಮೊದಲ ಯುಗಾದಿಯಿಂದ ಮುಂದಿನ ಸಂಕ್ರಾಂತಿ ಕಳೆಯುವವರೆಗಿನ ಮಾತು ಇದು. ನನಗೆ ಆಗ ಹದಿಮೂರು.

ಜಯಕ್ಕನಿಗೆ ಮಣಿ ಕೆಲಸದ ಹುಚ್ಚು. ನಮ್ಮ ಕಡೆ ಆಗ ಹೆಣ್ಣುಮಕ್ಕಳೆಲ್ಲ ಒಂದಲ್ಲ ಒಂದು ಕೈಗೆಲಸ ಹಿಡಿಯುತ್ತಿದ್ದರು, ಆದರೆ ಹೆಚ್ಚಿನವರದು ಮದುವೆ ಗೊತ್ತಾಗುವ ತನಕ. ಅಕ್ಕನದು ಹಾಗಲ್ಲ. ಸೂಜಿಯ ಮೊನೆಯಲ್ಲಿ ಮಣಿ ಎತ್ತಿಕೊಂಡು ಕೂತರೆ ಅವಳಿಗೆ ಹಸಿವೂ ಗೊತ್ತಾಗುತ್ತಿರಲಿಲ್ಲ. ನ್ಯಾಮತಿಯಿಂದ ಹುಸೇನ್ ಸಾಬರು ಬಳೆ ಮಣಿಗಳ ಪೆಟ್ಟಿಗೆ ಹೊತ್ತು ತಿಂಗಳಿಗೊಮ್ಮೆ ನಮ್ಮ ಬೀದಿಗೆ ಬರುತ್ತಿದ್ದರು. ಬೇರೆ ಮನೆಗಳ ಮುಂದೆ ಬಳೆ ಎಂದು ಕೂಗುತ್ತಿದ್ದವರು ನಮ್ಮ ಮನೆ ಮುಂದೆ ಮಾತ್ರ "ಜಯಮ್ಮಾ, ಹಸಿರು ಬಂದೈತೆ" ಎಂದು ಬಣ್ಣದ ಹೆಸರು ಹಿಡಿದು ಕೂಗುತ್ತಿದ್ದರು.

ಯುಗಾದಿಯ ದಿನ ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ಅವ್ವ ತನ್ನ ತವರಿನಿಂದ ತಂದದ್ದು. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡ ಮೇಲೆ, ಸೂಜಿ ಹಿಡಿಯುವ ಹೆಂಗಸರು ಹೊಸ ವರ್ಷದಲ್ಲಿ ಏನೇನು ಮಾಡಿ ಮುಗಿಸುತ್ತೇವೆಂದು ದೇವರ ಮುಂದೆ ನಿಂತು ಹೇಳಬೇಕು. ಹೇಳಿದ್ದನ್ನು ಮುಗಿಸಲೇಬೇಕು. ಅವ್ವ ಪ್ರತಿ ವರ್ಷ ಹಳೆ ಸೀರೆಯದೊಂದು ಕೌದಿ ಎನ್ನುತ್ತಿದ್ದಳು, ಮುಗಿಸುತ್ತಿದ್ದಳು. ಅಕ್ಕ ಹಿಂದಿನ ಯುಗಾದಿಗೆ ಏಳು ಹೇಳಿ, ಏಳನ್ನೂ ಮುಗಿಸಿ, ಎಂಟನೆಯದನ್ನೂ ಶುರು ಮಾಡಿದ್ದಳು. ಆ ಸಲ ಮಾತ್ರ ಮೂರೇ ಹೇಳಿದಳು. ತಲೆಬಾಗಿಲಿಗೆ ಜೋಡಿ ಗಿಣಿಯ ಮಣಿ ತೋರಣ, ಅಪ್ಪನಿಗೆ ಎಲೆ ಅಡಿಕೆ ಇಟ್ಟುಕೊಳ್ಳಲು ಮಣಿಯ ಸಂಚಿ, ನನಗೆ ಪುಸ್ತಕದ ಚೀಲ.

"ಮೂರೇನಾ? ಹೋದ ವರ್ಷ ಏಳು ಮಾಡಿದ್ದಿ" ಎಂದಳು ಅವ್ವ.

"ಮೂರೇ ಇರ್ಲಿ ಅವ್ವಾ. ಮೂರು ಚಂದಾಗಿ ಆದ್ರೆ ಸಾಕು."

ಅವ್ವನಿಗೆ ಅದು ಮದುವೆಗೆ ಬಂದ ಹುಡುಗಿಯ ಗಾಂಭೀರ್ಯದಂತೆ ಕಂಡಿರಬೇಕು, ನಕ್ಕು ಸುಮ್ಮನಾದಳು. ನಾನು ಎರಡು ಕರವಸ್ತ್ರಕ್ಕೆ ಅಂಚು ಹಾಕುತ್ತೇನೆಂದು ಒದರಿ ಹೋಳಿಗೆಯ ಕಡೆ ಓಡಿದೆ. ನನಗೆ ಆ ವರ್ಷ ಇದ್ದ ಆಸೆಯೇ ಬೇರೆ. ಊರಿನ ಹೆಣ್ಣುಮಕ್ಕಳ ಶಾಲೆ ನನಗೆ ಆ ವರ್ಷಕ್ಕೆ ಮುಗಿಯುತ್ತಿತ್ತು. ಚನ್ನಗಿರಿಯಲ್ಲಿ ನನ್ನ ಸೋದರಮಾವ ಮೇಷ್ಟ್ರಾಗಿದ್ದರು. ಅವರ ಮನೆಯಲ್ಲಿ, ಅವರ ಕಣ್ಣಳತೆಯಲ್ಲಿ ಇದ್ದುಕೊಂಡು ಮುಂದಕ್ಕೆ ಓದುವುದಾದರೆ ಓದಲಿ ಎಂದು ಅಪ್ಪ ಒಪ್ಪಿದ್ದರು. ಅಕ್ಕ ಹೇಳಿದ ಪುಸ್ತಕದ ಚೀಲ ಚನ್ನಗಿರಿಗೆ ಹೋಗುವ ನನ್ನ ಹೆಗಲಿಗೆ.

ಮರುದಿನ ಸಂಜೆ ಚಂದ್ರನನ್ನು ನೋಡಲು ಬೀದಿಯವರೆಲ್ಲ ಹೊಳೆಯ ಮೆಟ್ಟಿಲ ಮೇಲೆ ನಿಂತಿದ್ದೆವು. ಉಗುರಿನಷ್ಟು ತೆಳ್ಳಗಿನ ಬಿದಿಗೆ ಚಂದ್ರ ಮೋಡದ ಅಂಚಿನಲ್ಲಿ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿತ್ತು. "ಅಗಾ, ಆ ಮರದ ಬಲಕ್ಕೆ ನೋಡ್ರಿ" ಎಂದು ಅಪ್ಪ ಕೈ ತೋರಿಸಿದರು. ಎಲ್ಲರೂ ಕೈ ಮುಗಿದರು. ಜಯಕ್ಕನೂ ಕೈ ಮುಗಿದು "ಕಂಡ್ತು, ಕಂಡ್ತು" ಅಂದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಅವಳ ಮುಖ ಚಂದ್ರನಿದ್ದ ದಿಕ್ಕಿಗೆ ಇರಲೇ ಇಲ್ಲ. ಅವಳು ಬರೀ ಆಕಾಶ ನೋಡುತ್ತಿದ್ದಳು. ಮನೆಗೆ ತಿರುಗುವಾಗ ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿದುಕೊಂಡಳು. ಎಷ್ಟೋ ತಿಂಗಳಿಂದ ಅವಳು ಸಂಜೆ ಹೊತ್ತು ನನ್ನ ಭುಜ ಹಿಡಿದೇ ನಡೆಯುತ್ತಾಳೆ ಎಂಬುದು ಆಗ ಹೊಳೆಯಿತು. ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ.

ಮರುದಿನ ಹಿತ್ತಿಲಲ್ಲಿ ಬಟ್ಟೆ ಹಿಂಡುವಾಗ ಕೇಳಿಯೇಬಿಟ್ಟೆ. "ನಿನಗೆ ನಿನ್ನೆ ಚಂದ್ರ ಕಂಡಿಲ್ಲ ಅಲ್ವಾ?"

ಅಕ್ಕ ಸುತ್ತ ತಿರುಗಿ ನೋಡಿದಳು, ಯಾರಾದರೂ ಇದ್ದಾರೇನೋ ಎಂದು. ಆಮೇಲೆ ನಿಧಾನಕ್ಕೆ ಹೇಳಿದಳು. "ಹೊತ್ತು ಮುಳುಗಿದ ಮ್ಯಾಲೆ ಏನೂ ಕಾಣಲ್ಲ ಕಮಲಿ. ಹಗಲಲ್ಲೂ ಎದುರಿಗೆ ಇದ್ದಿದ್ದು ಅಷ್ಟೇ, ಪಕ್ಕದಲ್ಲಿ ಇರೋದು ಇಲ್ಲ. ಊದುಗೊಳವೆ ಕಣ್ಣಿಗೆ ಹಿಡ್ಕಂಡು ನೋಡಿದಂಗೆ. ಹೋದ ವರ್ಷ ಕೊಳವೆ ದೊಡ್ಡದಿತ್ತು. ಈಗ ಸಣ್ಣದಾಗೈತೆ."

"ಅಪ್ಪಂಗೆ ಹೇಳು."

"ಹೇಳಿದ್ರೆ ಸೂಜಿ ಕಿತ್ಕಂತಾರೆ. ಮೊದಲು ಹೇಳಿದ್ದು ಮೂರೂ ಮುಗಿಸ್ತೀನಿ. ಆಮೇಲೆ ನಾನೇ ಹೇಳ್ತೀನಿ. ನೀನು ಯಾರಿಗೂ ಬಾಯಿ ಬಿಡಬ್ಯಾಡ, ನನ್ನಾಣೆ."

ಮೂರೇ ಯಾಕೆ ಎಂಬುದು ನನಗೆ ಆಗ ತಿಳಿಯಿತು. ಉಳಿದ ಬೆಳಕನ್ನು ಅಳೆದು ಅವಳು ಲೆಕ್ಕ ಹಾಕಿದ್ದಳು. ಆಣೆಗೆ ಹೆದರಿ ನಾನು ಒಪ್ಪಿದೆ. ಅಷ್ಟೇ ಅಲ್ಲ, ಇಷ್ಟು ದೊಡ್ಡ ಗುಟ್ಟು ನನ್ನೊಬ್ಬಳ ಹತ್ತಿರ ಇದೆಯೆಂಬ ಹೆಮ್ಮೆಯೂ ಸ್ವಲ್ಪ ಇತ್ತು.

ಆ ಬೇಸಿಗೆಯಲ್ಲಿ ಅಕ್ಕ ಮಣಿ ಪೋಣಿಸಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಊಟವನ್ನೂ ಬಿಟ್ಟು ನಡುಮನೆಯ ಬೆಳಕಿಂಡಿಯ ಕೆಳಗೆ ಚಾಪೆ ಹಾಸುತ್ತಿದ್ದಳು. ಎದುರಿಗೆ ಐದು ತೆಂಗಿನ ಚಿಪ್ಪು, ಎಡದಿಂದ ಬಲಕ್ಕೆ ಹಸಿರು, ಕೆಂಪು, ಬಿಳಿ, ಹಳದಿ, ಕಪ್ಪು. ಬಿಸಿಲಿನ ಚೌಕ ಸರಿದಂತೆ ಚಾಪೆಯನ್ನೂ ಚಿಪ್ಪುಗಳನ್ನೂ ಅದೇ ಕ್ರಮದಲ್ಲಿ ಸರಿಸುತ್ತಿದ್ದಳು. ಚೌಕ ಗೋಡೆ ಹತ್ತಿದಾಗ ಎದ್ದುಬಿಡುತ್ತಿದ್ದಳು. ಅಪ್ಪನ ಸಂಚಿ ಮಳೆಗಾಲಕ್ಕೆ ಮೊದಲೇ ಮುಗಿಯಿತು. ಅಪ್ಪ ಅದನ್ನು ಕಚೇರಿಗೆ ಒಯ್ದು ಎಲ್ಲರಿಗೂ ತೋರಿಸಿ ಬಂದರು.

ಜೂನ್ ತಿಂಗಳಲ್ಲಿ ಹುಸೇನ್ ಸಾಬರು ಬಂದವರು ಪೆಟ್ಟಿಗೆ ಇಳಿಸದೆ ಜಗುಲಿಯ ಮೇಲೆ ಕೂತರು.

"ಜಯಮ್ಮಾ, ಇದೇ ಕೊನೆ. ಮಣಿ ಬರೋದು ನಿಂತೈತೆ. ಯುದ್ಧದಾಗೆ ಹಡಗೇ ಬರಲ್ಲ ಅಂದ ಮ್ಯಾಲೆ ಮಣಿ ಎಲ್ಲಿಂದ? ಪೆಟ್ಟಿಗೇಲಿ ಉಳಿದಿದ್ದ ಹಸಿರೆಲ್ಲ ನಿನಗೇ ಅಂತ ಎತ್ತಿಟ್ಕಂಡು ಬಂದೀನಿ."

"ಕಪ್ಪು?"

"ಕಪ್ಪು ಹಳೇ ಮಾಲು, ಸ್ವಲ್ಪ ದಪ್ಪ. ಬೇಕಾದ್ರೆ ತಗಾ."

ಅಕ್ಕ ಎರಡನ್ನೂ ತೆಗೆದುಕೊಂಡಳು. ಆಮೇಲೆ ಸಾಬರು ಬರೀ ಬಳೆಯ ವ್ಯಾಪಾರಕ್ಕೆ ಬಂದುಹೋದರು, ಅದೂ ಅಪರೂಪಕ್ಕೆ.

ಆ ವರ್ಷ ತುಂಗಭದ್ರೆ ಮೆಟ್ಟಿಲೆಲ್ಲ ನುಂಗಿ ನಮ್ಮ ಬೀದಿಯ ಬಾಯಿಗೆ ಬಂದು ನಿಂತಳು. ಹೊಳೆ ಇಳಿದ ಮೇಲೆ ಬಾವಿಗಳ ನೀರು ಕೆಟ್ಟು ಊರಿನಲ್ಲಿ ಜ್ವರ ಹರಡಿತು. ಅಕ್ಕನಿಗೆ ವಿಷಮಶೀತ ಜ್ವರ. ಇಪ್ಪತ್ತೊಂದು ದಿನ ಗಂಜಿ ನೀರಿನಲ್ಲಿ ಉಳಿದಳು. ಜ್ವರ ಬಿಟ್ಟು ಎದ್ದು ಕೂತಾಗ ತಲೆಗೂದಲು ಅರ್ಧಕ್ಕರ್ಧ ಉದುರಿತ್ತು. ನಾನು ತಲೆ ಬಾಚುವಾಗ ಅವಳು ಕಿವಿಯಲ್ಲಿ ಹೇಳಿದಳು, "ಬಣ್ಣ ಹೋದವು ಕಮಲಿ. ಕೆಂಪು, ಬಿಳಿ, ಹಳದಿ ತಿಳೀತವೆ. ಹಸಿರೂ ಕಪ್ಪೂ ಒಂದೇ ಆಗೈತೆ."

ತೋರಣ ಅಷ್ಟು ಹೊತ್ತಿಗೆ ಮುಕ್ಕಾಲು ಮುಗಿದಿತ್ತು. ದೀಪಾವಳಿ ಆದ ಮೇಲೆ ಜಗಳೂರಿನಿಂದ ಹೆಣ್ಣು ನೋಡಲು ಬರುತ್ತಾರೆಂದು ಸುದ್ದಿ ಬಂತು. ಹುಡುಗ ಅಲ್ಲಿ ಶಾಲೆ ಮೇಷ್ಟ್ರು. ತಂದೆ ಇಲ್ಲ, ತಾಯಿಯದೇ ಮಾತು. ಬಾಗಿಲಿಗೆ ತೋರಣ ಇಲ್ಲದಿದ್ದರೆ ಹೇಗೆ ಎಂದು ಅವ್ವ ಹಟ ಹಿಡಿದಳು. "ಅವಳಿಗೆ ಇನ್ನೂ ನಿಶ್ಶಕ್ತಿ. ನೀನೇ ಮುಗಿಸೇ ಕಮಲಿ" ಅಂದಳು. ಅಕ್ಕ ಪಕ್ಕದಲ್ಲಿ ಕೂತು ಎಣಿಕೆ ಹೇಳಿದಳು, ನಾನು ಪೋಣಿಸಿದೆ. ಎರಡನೆಯ ಗಿಣಿಯ ಬಾಲ ಮತ್ತು ಕೆಳಗಿನ ಅಂಚು ನನ್ನದು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಕೈಯಂತೆ ಕಾಣುತ್ತಿತ್ತು.

ಮದುವೆಯ ಮಾತು ಎದ್ದ ಮೇಲೆ ಅಕ್ಕನನ್ನು ನಾನೇ ಕೇಳಿದೆ, ಈಗಲಾದರೂ ಅಪ್ಪನಿಗೆ ಹೇಳುವುದಿಲ್ಲವೇ ಎಂದು. "ಹೆಂಗೆ ಹೇಳಲಿ ಅಂತ ದಿನಾ ಯೋಚನೆ ಮಾಡ್ತೀನಿ" ಅಂದಳು. "ಅಪ್ಪ ಎಷ್ಟು ಖುಷಿಯಾಗಿದಾರೆ ನೋಡು." ಹೀಗೆ ನಾಳೆ ನಾಡಿದ್ದು ಎನ್ನುತ್ತಲೇ ಆ ದಿನ ಬಂದುಬಿಟ್ಟಿತು.

ಅವರು, ಪೆಟ್ರೋಲಿಲ್ಲದ ಆ ದಿನಗಳಲ್ಲಿ ಓಡುತ್ತಿದ್ದ ಇದ್ದಿಲಿನ ಬಸ್ಸಿನಲ್ಲಿ ಮಧ್ಯಾಹ್ನಕ್ಕೆ ಬಂದರು. ಬಟ್ಟೆಯೆಲ್ಲ ಮಸಿ. ಹುಡುಗ ಬಡಕಲಾಗಿದ್ದ, ಮಾತು ಕಡಿಮೆ. ತಾಯಿ ಎತ್ತರದ ಹೆಂಗಸು. ತಲೆಬಾಗಿಲು ದಾಟುವಾಗಲೇ ತೋರಣವನ್ನು ನೋಡಿ ನಿಂತರು.

"ಎಲ್ಲಾ ನಮ್ಮ ಜಯಾನೇ ಮಾಡಿದ್ದು" ಎಂದಳು ಅವ್ವ.

"ಕೈಗೆ ಕೊಡ್ರಿ ನೋಡಾಣ. ನಾನೂ ಒಂದು ಕಾಲಕ್ಕೆ ಪೋಣಿಸಿದಾಕೆ."

ಅಪ್ಪ ತೋರಣ ಬಿಚ್ಚಿ ಕೊಟ್ಟರು. ಆಕೆ ಅದನ್ನು ಮಡಿಲಿನಲ್ಲಿ ಹರಡಿ, ಮಗುಚಿ, ಹಿಂಬದಿಯ ದಾರದ ಮೇಲೆ ಬೆರಳಾಡಿಸಿದರು. ಹುಡುಗಿಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅದನ್ನು ನೋಡಿದರು. ಆಮೇಲೆ ಕೆಟ್ಟ ಮನಸ್ಸೇನೂ ಇಲ್ಲದ ದನಿಯಲ್ಲಿ ಹೇಳಿದರು, "ಇಲ್ಲೀತನಕ ಒಂದು ಕೈ. ಇಲ್ಲಿಂದ ಆಚೆಗೆ ಇನ್ನೊಂದು. ದಾರದ ಬಿಗಿ ಬೇರೆ ಐತೆ." ನನ್ನ ಕಡೆ ತಿರುಗಿದರು. "ನಿಂದೇನು ಮಗಾ ಇದು?"

"ಹೂಂ ರೀ. ಅಕ್ಕಂಗೆ ಜ್ವರ ಬಂದಿತ್ತು."

"ಜ್ವರ ಬಿಟ್ಟು ಎಷ್ಟು ದಿನ ಆತು?"

"ಎರಡು ತಿಂಗಳು."

"ಇಷ್ಟು ಚಂದ ಮಾಡೋ ಹುಡುಗಿ ಎರಡು ತಿಂಗಳಲ್ಲಿ ಒಂದು ದಿನವೂ ಸೂಜಿ ಮುಟ್ಟಲಿಲ್ವಾ?" ಆಕೆ ನಗುನಗುತ್ತಲೇ ಕೇಳಿದ್ದರು. ಆದರೆ ನನಗೆ ಗಾಬರಿಯಾಯಿತು. ಗುಟ್ಟು ಕಾಯುವ ಭರದಲ್ಲಿ, ಯಾರೂ ಕೇಳದ ಮಾತಿಗೆ ಉತ್ತರ ಕೊಟ್ಟುಬಿಟ್ಟೆ.

"ಕೈ ನಡುಗ್ತಿತ್ತು ರೀ ಅಷ್ಟೇ. ಅಕ್ಕನ ಕಣ್ಣು ಚೆನ್ನಾಗೇ ಐತೆ."

ಆಕೆಯ ನಗು ನಿಂತಿತು. "ಕಣ್ಣಿನ ಮಾತು ನಾನು ಎತ್ತಲಿಲ್ವಲ್ಲ ಮಗಾ."

ನಾನು ಮತ್ತೆ ಏನೋ ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಚಾಪೆಯ ಮೇಲೆ ತಲೆ ಬಗ್ಗಿಸಿ ಕೂತಿದ್ದ ಅಕ್ಕ ಮಾತಾಡಿದಳು. "ಅವಳ್ನ ಕೇಳಬ್ಯಾಡ್ರಿ ಅಮ್ಮಾ, ಸಣ್ಣಾಕಿ. ನನಗೆ ಕಣ್ಣು ಹೋಗ್ತಾ ಐತೆ. ಎರಡು ವರ್ಷ ಆತು. ಮನೇಲಿ ಯಾರಿಗೂ ಹೇಳಿಲ್ಲ. ನಮ್ಮಪ್ಪಂಗೂ ಗೊತ್ತಿಲ್ಲ."

ಆ ತಾಯಿ ತೋರಣವನ್ನು ಮಡಚಿ ಅಕ್ಕನ ಮಡಿಲಲ್ಲಿ ಇಟ್ಟು, ಅವಳ ಗಲ್ಲ ಮುಟ್ಟಿ, "ಹೇಳಿದ್ದು ಒಳ್ಳೇದಾತು ತಾಯಿ" ಅಂದರು. ಉಪ್ಪಿಟ್ಟು ಹಾಗೇ ಉಳಿಯಿತು. ಅಪ್ಪ ಅವರನ್ನು ಬಸ್ಸಿಗೆ ಬಿಟ್ಟು ಬಂದು, ಚಪ್ಪಲಿ ಬಿಡುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದರು, "ಆ ಜನದ ಮುಂದೆ ನಾನು ಮೋಸಗಾರ ಆದೆ. ನನ್ನ ಮನೇಲಿ ನಡೆಯೋದು ನನಗೇ ಗೊತ್ತಿಲ್ಲ." ಆ ದಿನದಿಂದ ಅವರು ಅಕ್ಕನ ಜೊತೆ ಮಾತು ಬಿಟ್ಟರು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಕಣ್ಣಿನ ಹಿಂದಿನ ಪರೆ ಒಣಗುತ್ತಿದೆ, ಇದಕ್ಕೆ ಔಷಧಿ ಇಲ್ಲ ಎಂದರಂತೆ. ಹೋಗಿ ಬರುವಷ್ಟು ದಾರಿಯೂ ಅಪ್ಪ ಒಂದು ಮಾತಾಡಲಿಲ್ಲವಂತೆ. ಹೇಳಬೇಕಾದದ್ದನ್ನೆಲ್ಲ ಅವ್ವನ ಮೂಲಕ ಹೇಳುತ್ತಿದ್ದರು. ಮಣಿಯ ಸಂಚಿ ಗೋಡೆಯ ಗೂಡಿಗೆ ಹೋಯಿತು. ಎಲೆ ಅಡಿಕೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಕಚೇರಿಗೆ ಹೋಗತೊಡಗಿದರು. ಅವ್ವ ದಿನಕ್ಕೊಂದು ಸೊಪ್ಪು ಬೇಯಿಸಿ ಅಕ್ಕನಿಗೆ ಬಡಿಸುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಕ್ಕ ಮಾತ್ರ ಒಂದು ವಾರ ಸುಮ್ಮನಿದ್ದು, ಮತ್ತೆ ಬೆಳಕಿಂಡಿಯ ಕೆಳಗೆ ಚಾಪೆ ಹಾಸಿದಳು. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. "ಮೂರನೇದು ಬಾಕಿ ಐತೆ" ಅಂದಳು. ಹಸಿರೂ ಕಪ್ಪೂ ಅವಳ ಕಣ್ಣಿಗೆ ತಿಳಿಯದ್ದರಿಂದ ಚಿಪ್ಪುಗಳನ್ನು ನಾನು ತುಂಬಿಸಿ ಕ್ರಮವಾಗಿ ಇಟ್ಟುಕೊಡುತ್ತಿದ್ದೆ. ಮೊದಲನೆಯದು ಹಸಿರು, ಕೊನೆಯದು ಕಪ್ಪು. ಮಿಕ್ಕದ್ದು ಅವಳ ಎಣಿಕೆಗೆ ಬಿಟ್ಟದ್ದು. ಚೀಲದ ಮೇಲೆ ಒಂದೇ ಗಿಣಿ, ದೊಡ್ಡದು, ರೆಕ್ಕೆ ಬಿಚ್ಚಿದ್ದು. ಮೊದಲು ಅಂಚೂ ಕೊಕ್ಕೂ ಮುಗಿಸಿ, ಹಸಿರು ಮೈಯನ್ನು ಕೊನೆಗೆ ಇಟ್ಟುಕೊಂಡಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಚನ್ನಗಿರಿಯಿಂದ ಮಾವನ ಕಾಗದ ಬಂತು. ಅಪ್ಪ ಓದಿ ಅವ್ವನಿಗೆ ಹೇಳಿದ್ದನ್ನು ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಮನೆಯಲ್ಲಿ ಸಣ್ಣ ಮಕ್ಕಳಿವೆ, ಕಣ್ಣಿನ ಕಾಯಿಲೆಯ ಮನೆಯಿಂದ ಬಂದ ಹುಡುಗಿಯನ್ನು ಇಟ್ಟುಕೊಳ್ಳಲು ನನ್ನ ಹೆಂಡತಿ ಹೆದರುತ್ತಾಳೆ, ಕಮಲಿಯನ್ನು ಈ ವರ್ಷ ಕಳಿಸಬೇಡಿ ಎಂದು ಬರೆದಿದ್ದರು. ಸುದ್ದಿ ಅಲ್ಲಿಗೂ ಮುಟ್ಟಿತ್ತು.

ನಾನು ನೆಟ್ಟಗೆ ಬೆಳಕಿಂಡಿಯ ಹತ್ತಿರ ಹೋದೆ. ಅಕ್ಕ ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಸೂಜಿ ಹುಡುಕುತ್ತಿದ್ದಳು.

"ನೀನು ಬಾಯಿ ಮುಚ್ಕಂಡು ಇದ್ದಿದ್ರೆ ಏನಾಗ್ತಿತ್ತು?" ಎಂದು ಕಿರುಚಿದೆ. "ನಿನ್ನ ಮದುವೆ ಆಗ್ತಿತ್ತು. ನಾನು ಚನ್ನಗಿರಿಗೆ ಹೋಗ್ತಿದ್ದೆ. ನಿನ್ನ ಕಣ್ಣಿಂದ ನನ್ನ ಓದೂ ಹೋತು. ಈ ಚೀಲ ಯಾರಿಗೆ ಬೇಕು? ಏನು ತುಂಬಲಿ ಇದರಾಗೆ?"

ಅಕ್ಕ ದಾರ ಬಾಯಿಂದ ತೆಗೆದು ಮತ್ತೆ ಸೂಜಿ ಹುಡುಕತೊಡಗಿದಳು. ಅವಳು ಎದುರು ಮಾತಾಡಿದ್ದರೆ ನನ್ನ ಸಿಟ್ಟು ಅಲ್ಲಿಗೆ ಇಳಿಯುತ್ತಿತ್ತೋ ಏನೋ. ಬಾಯಿ ಜಾರಿದ್ದು ನಾನು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವಳ ಮೇಲೆ ಸಿಟ್ಟು ಹೆಚ್ಚಾಗಿತ್ತು.

ಮರುದಿನ ಬೆಳಿಗ್ಗೆ ಚಿಪ್ಪು ತುಂಬಿಸುವಾಗ ಮೊದಲನೆಯದಕ್ಕೆ ಕಪ್ಪು ಮಣಿ ಹಾಕಿದೆ, ಕೊನೆಯದಕ್ಕೆ ಹಸಿರು.

ಅಕ್ಕ ಬಂದು ಕೂತು ಮೊದಲ ಚಿಪ್ಪಿಗೆ ಸೂಜಿ ಹಾಕಿದಳು. ಒಂದು ಸಲ ತಡೆದಳು. ತಲೆ ಎತ್ತಿ ನಾನಿದ್ದ ದಿಕ್ಕಿಗೆ ನೋಡಿದಳು. ಆಮೇಲೆ ಪೋಣಿಸುತ್ತಾ ಹೋದಳು. ಮರುದಿನವೂ ಹಾಗೆಯೇ ತುಂಬಿಸಿದೆ, ಅದರ ಮರುದಿನವೂ. ನಿಲ್ಲಿಸಬೇಕೆಂದು ಅನಿಸುತ್ತಿರಲಿಲ್ಲ ಎಂದಲ್ಲ. ನಿಲ್ಲಿಸಿದರೆ ಅರ್ಧ ಕಪ್ಪು ಅರ್ಧ ಹಸಿರಾಗಿ ನನ್ನ ಕೆಲಸ ಹೊರಬೀಳುತ್ತಿತ್ತು. ಹೀಗೆ ಹನ್ನೊಂದು ದಿನ ನಡೆಯಿತು. ನಾನು ದಿನಾ ಅವಳ ಹಿಂದೆ ನಿಂತು ನೋಡುತ್ತಿದ್ದೆ. ಕೆಂಪು ಕೊಕ್ಕಿನ ಕರೀ ಹಕ್ಕಿಯೊಂದು ರೆಕ್ಕೆ ಬಿಚ್ಚಿಕೊಂಡು ಬರುತ್ತಿತ್ತು. ಗಿಣಿಯೂ ಅಲ್ಲ, ಕಾಗೆಯೂ ಅಲ್ಲ. ಅಕ್ಕನ ಎಣಿಕೆಯಲ್ಲಿ ಮಾತ್ರ ಒಂದು ಮಣಿಯ ತಪ್ಪೂ ಇರಲಿಲ್ಲ.

ಹನ್ನೊಂದನೆಯ ದಿನ ಭಾನುವಾರ, ಅಪ್ಪ ಮನೆಯಲ್ಲಿದ್ದರು. ಅವ್ವ ಹಪ್ಪಳದ ಮೊರ ಎತ್ತಿಕೊಂಡು ಹೋಗುತ್ತಿದ್ದವಳು ಚಾಪೆಯ ಕಡೆ ಬಗ್ಗಿ ನೋಡಿ, "ಅಯ್ಯೋ ಶಿವನೇ, ಇದೇನೇ ಜಯಾ? ಗಿಣಿ ಕರ್ರಗೈತಲ್ಲೇ!" ಎಂದು ಮೊರ ಕೆಳಗಿಟ್ಟಳು. ಅಪ್ಪ ಪತ್ರಿಕೆ ಬಿಟ್ಟು ಎದ್ದು ಬಂದರು. ಚೀಲವನ್ನು ಎತ್ತಿ ನೋಡಿದರು, ಚಿಪ್ಪುಗಳನ್ನು ನೋಡಿದರು, ನನ್ನ ಕಡೆ ತಿರುಗಿದರು. "ಚಿಪ್ಪು ತುಂಬಿಸೋದು ಯಾರು?"

ನಾನು ಅವ್ವನ ಮೊರದ ಕಡೆ ನೋಡಿದೆ.

"ತಪ್ಪು ನಂದೇ ಅಪ್ಪಾ" ಎಂದಳು ಅಕ್ಕ. "ಕಮಲಿ ಇಟ್ಟಿದ್ದನ್ನ ನಾನೇ ಅತ್ತಿತ್ತ ಸರಿಸ್ತಾ ತಪ್ಪಿಸಿಬಿಟ್ಟೆ. ಗೊತ್ತಾಗಲಿಲ್ಲ."

ನಾನು ಸುಳ್ಳು ಹೇಳದಂತೆ ತಡೆಯಲೆಂದು, ಬಂದ ಸಂಬಂಧವನ್ನೇ ಕಳೆದುಕೊಂಡವಳು ನನಗಾಗಿ ಸುಳ್ಳು ಹೇಳಿದಳು. ಅಪ್ಪ ಅದನ್ನು ನಂಬಿದರು. ಸುಮಾರು ಮೂರು ತಿಂಗಳ ಮೇಲೆ ಅವಳ ಪಕ್ಕದಲ್ಲಿ ಕೂತರು. ಅವಳ ಕೈಯಿಂದ ಸೂಜಿ ಬಿಡಿಸಿಕೊಂಡರು. "ಕಾಣದಿದ್ರೆ ಬಿಡು ಮಗಾ. ಇಷ್ಟು ದಿನ ಮಾಡಿದ್ದು ಸಾಕು. ನಿನಗೆ ಇಷ್ಟು ಕಷ್ಟ ಆಗೈತೆ ಅಂತ ನನಗೆ ಗೊತ್ತಿರಲಿಲ್ಲ" ಎಂದರು. ತಾವೇ ಐದೂ ಚಿಪ್ಪುಗಳ ಮಣಿಯನ್ನು ಒಂದು ಡಬ್ಬಿಗೆ ಸುರಿದರು. ಬಣ್ಣಗಳೆಲ್ಲ ಬೆರೆತುಹೋದವು. ಆ ಸದ್ದು ನಡುಮನೆಯಲ್ಲಿ ಬಹಳ ಹೊತ್ತು ಆದಂತೆ ನನಗನಿಸಿತು. ಡಬ್ಬಿ ಅಟ್ಟಕ್ಕೆ ಹೋಯಿತು. ಅಕ್ಕ ಬೇಡ ಎನ್ನಲಿಲ್ಲ. ಖಾಲಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಬಿಸಿಲಿನ ಚೌಕ ಇನ್ನೂ ಚಾಪೆಯ ಮೇಲೇ ಇತ್ತು.

ಮೂರು ದಿನ ನನಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಹಿತ್ತಿಲಲ್ಲಿ ಅಕ್ಕ ಒಬ್ಬಳೇ ಇದ್ದಾಗ ಹೋಗಿ ಅವಳ ಕಾಲ ಹತ್ತಿರ ಕೂತೆ. "ಮಣಿ ಬದಲಾಯಿಸಿದ್ದು ನಾನು" ಅಂದೆ.

"ಗೊತ್ತು."

"ಯಾವಾಗ ಗೊತ್ತಾತು?"

"ಮೊದಲನೇ ದಿನವೇ. ಕಪ್ಪು ಮಣಿ ದಪ್ಪ, ಅದರ ತೂತು ದೊಡ್ಡದು. ಸೂಜಿ ಹೋಗೋ ಹೊತ್ತಿಗೆ ಬೆರಳಿಗೇ ಗೊತ್ತಾಗ್ತತೆ."

"ಹಂಗಾದ್ರೆ ಯಾಕೆ ಪೋಣಿಸಿದಿ?" ಎಂದೆ.

"ನೀನು ಇವತ್ತು ಬಂದು ಹೇಳ್ತಿ, ನಾಳೆ ಬಂದು ಹೇಳ್ತಿ ಅಂತ ಕಾದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸ. "ಹೇಳಿದ್ದಿದ್ರೆ ಇಬ್ಬರೂ ಕೂತು ಬಿಚ್ಚಿಬಿಡ್ತಿದ್ವಿ."

"ಈಗ ಅಪ್ಪಂಗೆ ಹೇಳಿ ಬರಲಾ? ಹೇಳಿದ್ರೆ ಡಬ್ಬಿ ಇಳಿಸಿ ಕೊಡ್ತಾರೆ. ನಿನಗೆ ಇನ್ನೂ ಮಾಡಾಕೆ ಬರ್ತತೆ."

"ಬರ್ತತೆ" ಎಂದಳು ಅಕ್ಕ. "ಹೇಳೋದು ಬಿಡೋದು ನಿನಗೆ ಸೇರಿದ್ದು ಕಮಲಿ. ನಾನು ಹೇಳು ಅನ್ನಲ್ಲ."

ನಾನು ಎದ್ದು ನಡುಮನೆ ದಾಟಿ ಜಗುಲಿಗೆ ಹೋದೆ. ಅಪ್ಪ ಎಲೆ ಮಡಿಸುತ್ತಾ ಕೂತಿದ್ದರು. ತೊಡೆಯ ಮೇಲೆ ಮಣಿಯ ಸಂಚಿ ಇತ್ತು. ಗೂಡಿನಿಂದ ಮತ್ತೆ ತೆಗೆದಿದ್ದರು. ನನ್ನನ್ನು ನೋಡಿ, "ಏನಮ್ಮಾ?" ಎಂದರು. ದೀಪಾವಳಿಯ ನಂತರ ಆ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. "ನಿನ್ನ ಓದಿಗೆ ಬೇರೆ ಏನಾದರೂ ದಾರಿ ಮಾಡಾಣ, ಯೋಚನೆ ಮಾಡಬ್ಯಾಡ" ಎಂದೂ ಸೇರಿಸಿದರು. ನಾನು ಕಂಬ ಹಿಡಿದು ನಿಂತೆ. ಹೇಳಬೇಕಾದದ್ದು ನಾಲ್ಕೇ ಮಾತು.

"ಏನಿಲ್ಲ ಅಪ್ಪಾ" ಎಂದು ಒಳಗೆ ಬಂದೆ.

ಅಕ್ಕ ಹಿತ್ತಿಲಿನಿಂದ ಬಂದು ಬೆಳಕಿಂಡಿಯ ಕೆಳಗೆ ನಿಂತಿದ್ದಳು. ನನ್ನ ಹೆಜ್ಜೆಯ ಸದ್ದಿನಿಂದಲೇ ಅವಳಿಗೆ ತಿಳಿದಿರಬೇಕು. ಏನೂ ಕೇಳದೆ ಅಡುಗೆಮನೆಗೆ ಹೋದಳು.

ನಾನು ಮುಂದೆ ಓದಿದೆ, ಊರಿನಲ್ಲೇ, ಗಂಡುಹುಡುಗರ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು. ಮದುವೆಯಾಗಿ ದಾವಣಗೆರೆಗೆ ಬಂದೆ. ಅಪ್ಪ ಅವ್ವ ಹೋದ ಮೇಲೆ ಅಕ್ಕನನ್ನು ನಮ್ಮ ಮನೆಗೇ ಕರೆತಂದೆ. ಮೂವತ್ತು ವರ್ಷ ನಮ್ಮ ಜೊತೆಗಿದ್ದಳು. ನನ್ನ ಮಕ್ಕಳ ಅಂಗಿಗಳ ಗುಂಡಿಯೆಲ್ಲ ಅವಳೇ ಹಚ್ಚುತ್ತಿದ್ದಳು, ಮುಟ್ಟಿ ನೋಡಿಯೇ. ಅವಳನ್ನು ಚೆನ್ನಾಗಿ ನೋಡಿಕೊಂಡೆನೆಂದು ಬಳಗದವರೆಲ್ಲ ನನ್ನನ್ನು ಹೊಗಳುತ್ತಾರೆ. ಅವಳ ದೃಷ್ಟಿ ಪೂರ್ತಿ ಹೋದದ್ದು ಮಣಿಯ ಡಬ್ಬಿ ಅಟ್ಟ ಸೇರಿ ಎರಡು ವರ್ಷ ಆದ ಮೇಲೆ. ಅಲ್ಲಿಯತನಕ ನೆತ್ತಿಯ ಬಿಸಿಲಿನಲ್ಲಿ ಅವಳಿಗೆ ಸೂಜಿಯ ಕಣ್ಣು ಕಾಣುತ್ತಿತ್ತು. ಆ ಎರಡು ವರ್ಷವೂ ಬಂದ ಯುಗಾದಿಗಳಂದು ದೇವರ ಮುಂದೆ ನಿಂತಾಗ ಅವಳು ಏನನ್ನೂ ಹೇಳಲಿಲ್ಲ. ಅವ್ವನೂ ಕೇಳಲಿಲ್ಲ.

ನಮ್ಮ ಮನೆಗೆ ಬಂದವರು ಯಾರಾದರೂ, ನಿಮಗೆ ಏನಾದರೂ ಕೈಗೆಲಸ ಬರುತ್ತಿತ್ತೇ ಎಂದು ಅಕ್ಕನನ್ನು ಕೇಳುವುದಿತ್ತು. "ಮಣಿ ಕೆಲಸ ಮಾಡ್ತಿದ್ದೆ ರೀ. ಕಣ್ಣು ಹೋದ ಮ್ಯಾಲೆ ಬಿಟ್ಟೆ" ಎನ್ನುತ್ತಿದ್ದಳು. ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿರುತ್ತಿದ್ದೆ. ಕಣ್ಣು ಹೋಗುವುದಕ್ಕೆ ಎರಡು ವರ್ಷ ಮೊದಲೇ ಅವಳು ಬಿಟ್ಟಿದ್ದಳೆಂದು ಬಲ್ಲವಳು ನಾನೊಬ್ಬಳೇ. ಅವಳು ತೀರಿಕೊಳ್ಳುವ ತನಕವೂ ಆ ಮಾತನ್ನು ನಾನು ತಿದ್ದಲಿಲ್ಲ.